ಶಿಕ್ಷಣವೋ, ಶಿಕ್ಷೆಯೋ? ದನಿಯೇ ಹೇಳುತ್ತದೆ

ವಾರಾಣಸಿಗೆ ಹೋದ ಕನ್ನಡಿಗರು ವಿಶ್ವನಾಥನ ದರ್ಶನ ಮುಗಿಸಿ, ಜಂಗಮವಾಡಿ ಮಠಕ್ಕೆ ಭೇಟಿಯಿತ್ತು, ಹನುಮಾನ್ ಘಾಟಿನ ಪಕ್ಕದಲ್ಲಿರುವ ಕರ್ನಾಟಕ ಘಾಟಿಗೂ ಹೋಗಿ ಬರುವುದುಂಟು. ಇನ್ನೊಂದು ಗಂಟೆ ಬಿಡುವು ಮಾಡಿಕೊಂಡು ಅಲ್ಲಿನ ಯಾವುದಾದರೂ ವೇದ ಪಾಠಶಾಲೆಯ ಪಾಠವನ್ನು ಕೇಳಿ ಬಂದರೆ, ಹೋಟೆಲು, ಅಂಗಡಿ, ಕಚೇರಿಗಳಲ್ಲಿ ಕಿರಿಯರಿಗೆ ಕೆಲಸ ಕಲಿಸುವ ನಮ್ಮವರಿಗೆ ಬಹಳ ಪ್ರಯೋಜನವಾದೀತು.

ಅಲ್ಲಿ ಪುಸ್ತಕಕ್ಕಿಂತ ಕಿವಿಗೇ ಮೊದಲ ಸ್ಥಾನ. ಗುರು ಹೇಳಿದ್ದನ್ನು ಶಿಷ್ಯ ಅದೇ ಸ್ವರದಲ್ಲಿ ಮತ್ತೆ ಮತ್ತೆ ಹೇಳಬೇಕು. ಉದಾತ್ತ, ಅನುದಾತ್ತ, ಸ್ವರಿತ ಎಂಬ ಏರಿಳಿತಗಳು ತಪ್ಪುವಂತಿಲ್ಲ. ಶುಕ್ಲ ಯಜುರ್ವೇದದ ಮಾಧ್ಯಂದಿನ ಶಾಖೆಯವರು ಸ್ವರವನ್ನು ಕೈಯ ಚಲನೆಯಿಂದಲೂ ತೋರಿಸುತ್ತಾರೆ. ಹಾಗಾಗಿ ತಪ್ಪನ್ನು ತಿದ್ದಲು ಗುರು ದನಿ ಏರಿಸಲೇಬೇಕೆಂದಿಲ್ಲ, ಕೈ ಆಡಿಸಿದರೂ ಸಾಕು. ಈ ವೇದಪಠಣ ಪರಂಪರೆಯನ್ನು ಯುನೆಸ್ಕೊ 2003ರಲ್ಲಿ ಗುರುತಿಸಿ, 2008ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಸ್ವರ ತಪ್ಪಿದರೆ ಅರ್ಥವೂ ತಪ್ಪು

ಸ್ವರದ ಮಹತ್ವಕ್ಕೆ ಹಿಂದಿನವರು ಕೊಡುವ ಉದಾಹರಣೆ ವೃತ್ರನ ಕಥೆ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ತ್ವಷ್ಟೃ ಹೋಮ ಮಾಡಿದ. ಮಂತ್ರದಲ್ಲಿ ‘ಇಂದ್ರಶತ್ರು’ ಎಂಬ ಪದದ ಸ್ವರ ತಪ್ಪಿತು. ‘ಇಂದ್ರನನ್ನು ಕೊಲ್ಲುವವನು’ ಎಂದಾಗಬೇಕಿದ್ದುದು ‘ಇಂದ್ರನಿಂದ ಕೊಲ್ಲಲ್ಪಡುವವನು’ ಎಂದಾಯಿತು. ಒಂದಕ್ಷರವೂ ಬದಲಾಗಿರಲಿಲ್ಲ, ಆದರೂ ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಪತಂಜಲಿಯ ಮಹಾಭಾಷ್ಯದಲ್ಲೂ ಈ ಪ್ರಸಂಗದ ಉಲ್ಲೇಖವಿದೆ.

ನಮ್ಮ ದಿನನಿತ್ಯದ ಮಾತೂ ಇದಕ್ಕೆ ಹೊರತಲ್ಲ. ‘ಈ ಲೆಕ್ಕ ಯಾರು ಬರೆದದ್ದು?’ ಎಂದು ಮೆಲ್ಲಗೆ ಕೇಳಿದರೆ ಹುಡುಗ ಪುಸ್ತಕ ಹಿಡಿದು ಹತ್ತಿರ ಬರುತ್ತಾನೆ. ಅದನ್ನೇ ಗಲ್ಲಾದ ಮೇಲಿಂದ ಗದರಿ ಕೇಳಿದರೆ ‘ನಾನಲ್ಲ’ ಎನ್ನುತ್ತಾನೆ. ಅಲ್ಲಿಗೆ ಪಾಠ ಮುಗಿಯಿತು. ಮುಂದಿನ ತಪ್ಪನ್ನು ಅವನು ಮುಚ್ಚಿಡುವುದನ್ನು ಕಲಿತ.

ಹುಲಿಯ ಬಾಯಲ್ಲಿ ಮರಿ

ಅಕ್ಷರಗಳನ್ನು ಹೇಗೆ ಉಚ್ಚರಿಸಬೇಕೆಂದು ತಿಳಿಸುವ ‘ಪಾಣಿನೀಯ ಶಿಕ್ಷಾ’ ಗ್ರಂಥದಲ್ಲಿ ಒಂದು ಸೊಗಸಾದ ಹೋಲಿಕೆಯಿದೆ. ತಾಯಿ ಹುಲಿ ಮರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸಾಗಿಸುವಾಗ ನೋವೂ ಆಗಬಾರದು, ಮರಿ ಜಾರಿ ಬೀಳಲೂಬಾರದು. ಅಕ್ಷರಗಳನ್ನೂ ಹಾಗೆಯೇ ಹಿಡಿಯಬೇಕು ಎಂಬುದು ಅದರ ಸಾರ. ಕೆಲಸ ಕಲಿಸುವವರ ದನಿಗೂ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಗದರುವವರು ಕಚ್ಚುತ್ತಾರೆ. ಆದರೆ ದಾಕ್ಷಿಣ್ಯಕ್ಕೆ ಬಿದ್ದು ಗೊಣಗಿ ಸುಮ್ಮನಾಗುವವರು ಮರಿಯನ್ನು ಕೆಳಗೆ ಬೀಳಿಸುತ್ತಾರೆ. ಬ್ಯಾಂಕಿನ ಕ್ಯಾಶ್ ಕೌಂಟರಿಗೆ ಹೊಸದಾಗಿ ಬಂದ ಹುಡುಗಿ ನೋಟು ಎಣಿಸುವ ಕ್ರಮ ತಪ್ಪಿದ್ದರೆ, ‘ಇರಲಿ ಬಿಡಮ್ಮ’ ಎನ್ನುವುದು ಕರುಣೆಯಲ್ಲ. ಸಂಜೆ ಲೆಕ್ಕದಲ್ಲಿ ಹಣ ಕಡಿಮೆ ಬಂದರೆ ಸಾಮಾನ್ಯವಾಗಿ ಕೈಯಿಂದ ತುಂಬಬೇಕಾದವಳು ಅವಳೇ. ಅವಳಿಗೆ ಮಾತ್ರ ಕೇಳುವಷ್ಟು ತಗ್ಗಿದ, ಆದರೆ ಸ್ಪಷ್ಟವಾದ ದನಿಯಲ್ಲಿ ‘ಕಟ್ಟು ಬಿಚ್ಚಿ ಇನ್ನೊಮ್ಮೆ ಎಣಿಸಮ್ಮ, ನಾನಿಲ್ಲೇ ಇದ್ದೇನೆ’ ಎಂದರೆ ಕೆಲಸವೂ ಸರಿಯಾಗುತ್ತದೆ, ಮಾನವೂ ಉಳಿಯುತ್ತದೆ.

ಗಮನಿಸಬೇಕಾದ ಅಂಶಗಳು ಕೆಲವೇ. ಗ್ರಾಹಕರ ಎದುರು ತಿದ್ದುವಾಗ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಬೇಕು. ಮುಖ್ಯವಾದ ಮಾತಿಗೆ ಮೊದಲು ಒಂದು ಕ್ಷಣ ನಿಲ್ಲಬೇಕು. ಫೋನಿನಲ್ಲಿ ನಮ್ಮ ಮುಖ ಕಾಣುವುದಿಲ್ಲವಾದ್ದರಿಂದ ಇನ್ನಷ್ಟು ನಿಧಾನವಾಗಿ ಮಾತನಾಡಬೇಕು. ಸಿಟ್ಟು ಬಂದಿದ್ದರೆ ಒಂದು ಲೋಟ ನೀರು ಕುಡಿದು ಆಮೇಲೆ ಹೇಳುವುದು ಲೇಸು. ಬಿಸಿ ಎಣ್ಣೆ, ಬೆಂಕಿಯ ಅಪಾಯವಿದ್ದಾಗ ಕೂಗಲೇಬೇಕು. ದಿನವೂ ಕೂಗುವವರ ಕೂಗಿಗೆ ಆ ಹೊತ್ತಿನಲ್ಲಿ ಬೆಲೆ ಇರುವುದಿಲ್ಲ.

ಊರು ಬಿಟ್ಟು ಬಂದ ನಮ್ಮ ಹಿರಿಯರಲ್ಲಿ ಅನೇಕರು ಬೈಗುಳ ತಿಂದೇ ಕೆಲಸ ಕಲಿತವರು. ಅದನ್ನೇ ಮುಂದಿನವರಿಗೂ ದಾಟಿಸಬೇಕೆಂಬ ನಿಯಮವೇನೂ ಇಲ್ಲ. ‘ಶಿಕ್ಷಾ’ ಎಂಬ ಪದಕ್ಕೆ ಸಂಸ್ಕೃತದಲ್ಲಿ ಕಲಿಕೆ ಎಂದರ್ಥ. ಅದೇ ಪದ ಕನ್ನಡದ ಬಳಕೆಯಲ್ಲಿ ‘ಶಿಕ್ಷೆ’ಯಾಗಿ ದಂಡನೆಯೂ ಆಗಿದೆ. ನಾಳೆ ಬೆಳಿಗ್ಗೆ ಬಾಗಿಲು ತೆರೆದಾಗ ಹೊಸ ಹುಡುಗನಿಗೆ ಇವೆರಡರಲ್ಲಿ ಯಾವುದು ಸಿಗುತ್ತದೆ ಎಂಬುದು ಹಿರಿಯರ ದನಿಯನ್ನು ಅವಲಂಬಿಸಿದೆ.