ವಾರಿಕ್ ಕಲಶವೂ ಅದರ ರಜತಾನುಕೃತಿಗಳೂ

ಆಂಗ್ಲ ರಾಜಗೃಹದ ಭೋಜನೋಪಕರಣಗಳಲ್ಲಿ ದ್ರಾಕ್ಷಾಮದ್ಯವನ್ನು ತಣಿಸುವುದಕ್ಕೆಂದು ನಿರ್ಮಿತವಾದ ಬೆಳ್ಳಿಯ ಕಲಶಗಳು ಕೆಲವುಂಟು. ಮೇಲೆ ಹೊನ್ನಿನ ಲೇಪವಿರುವುದರಿಂದ ಇವು ಅಪ್ಪಟ ಚಿನ್ನವೆಂಬ ಭ್ರಾಂತಿಯನ್ನು ಹುಟ್ಟಿಸುವುವು. ರಾಜಪ್ರತಿನಿಧಿಯಾಗಿದ್ದ ಯುವರಾಜ ಜಾರ್ಜನಿಗಾಗಿ ೧೮೧೨ರ ಸುಮಾರಿನಲ್ಲಿ ಲಂಡನ್ನಿನ ಪಾಲ್ ಸ್ಟಾರ್ ಎಂಬ ಅಕ್ಕಸಾಲಿಗನ ಕಾರ್ಯಾಗಾರದಲ್ಲಿ ಇವು ಸಿದ್ಧವಾದುವು. ಇವುಗಳ ಆಕಾರವು ಪ್ರಾಚೀನ ರೋಮಿನದೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಪಾತ್ರೆಯ ಪ್ರಯೋಜನ. ಇಂತಹ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಮೂರು ಅಂಗಗಳಿರುವುವು: ಅಲಂಕೃತವಾದ ಹೊರಕಲಶ, ಸೀಸೆಯನ್ನು ಇರಿಸತಕ್ಕ ಒಳಪಾತ್ರೆ, ಇವೆರಡರ ಸಂಧಿಯನ್ನು ಮುಚ್ಚುವ ಕಂಠಪಟ್ಟಿ. ನಡುವಣ ಅವಕಾಶದಲ್ಲಿ ಮಂಜುಗಡ್ಡೆಯನ್ನು ತುಂಬುವರು. ಒಂದು ಗ್ರಾಂ ಮಂಜುಗಡ್ಡೆ ಕರಗಬೇಕಾದರೆ ಸುಮಾರು ೮೦ ಕ್ಯಾಲೊರಿ ಉಷ್ಣವನ್ನು ಹೀರಬೇಕು. ಆದಕಾರಣ ಅದು ಪೂರ್ಣವಾಗಿ ಕರಗುವವರೆಗೂ ಸೀಸೆಯು ತಂಪಾಗಿಯೇ ಇರುವುದು.

ಹೊನ್ನಿನ ಲೇಪವಾದರೋ ಅಗ್ನಿಯಿಂದ ಸಾಧಿತವಾದುದು. ಚಿನ್ನವನ್ನು ಪಾದರಸದೊಡನೆ ಬೆರೆಸಿ, ಆ ಮಿಶ್ರಣವನ್ನು ಬೆಳ್ಳಿಯ ಮೇಲೆ ಬಳಿದು ಕಾಯಿಸಿದರೆ, ಪಾದರಸವು ಆವಿಯಾಗಿ ಹೋಗಿ ಚಿನ್ನವು ಅಂಟಿ ನಿಲ್ಲುವುದು. ಆ ಆವಿಯು ವಿಷ. ಭೋಜನಶಾಲೆಯ ಈ ಕಾಂತಿಗೆ ಲೇಪ ಮಾಡುವ ಕೆಲಸಗಾರರು ತಮ್ಮ ಆರೋಗ್ಯವನ್ನೇ ತೆತ್ತರೆಂಬುದನ್ನು ಮರೆಯಲಾಗದು. ೧೮೪೦ರಲ್ಲಿ ವಿದ್ಯುಲ್ಲೇಪನಕ್ಕೆ ಎಲ್ಕಿಂಗ್ಟನ್ನರು ಹಕ್ಕುಪತ್ರ ಪಡೆದ ತರುವಾಯ ಈ ಪದ್ಧತಿಯು ಕ್ರಮೇಣ ಹಿಂದೆ ಸರಿಯಿತು.

ಇನ್ನು ಆಕಾರದ ವಿಚಾರ. ಟಿವೊಲಿಯಲ್ಲಿ ಹೇಡ್ರಿಯನ್ ಚಕ್ರವರ್ತಿಯ ವಿಹಾರಭವನದ ನೆಲದಲ್ಲಿ, ೧೭೭೧ರ ಸುಮಾರಿಗೆ, ಗ್ಯಾವಿನ್ ಹ್ಯಾಮಿಲ್ಟನ್ ಎಂಬಾತನು ಅಮೃತಶಿಲೆಯ ಬೃಹತ್ಕಲಶವೊಂದರ ಭಗ್ನಖಂಡಗಳನ್ನು ಅಗೆಸಿ ತೆಗೆದನು. ನೇಪಲ್ಸಿನಲ್ಲಿ ಆಂಗ್ಲ ರಾಯಭಾರಿಯಾಗಿದ್ದ ಸರ್ ವಿಲಿಯಂ ಹ್ಯಾಮಿಲ್ಟನ್ನನು ಅವನ್ನು ಕೊಂಡು, ಇಲ್ಲದ ಭಾಗಗಳನ್ನು ಹೊಸ ಶಿಲೆಯಿಂದ ಪೂರ್ಣಮಾಡಿಸಿದನು. ದ್ರಾಕ್ಷಾಲತೆಗಳೇ ಹೆಣೆದುಕೊಂಡು ಆದ ಹಿಡಿಗಳು, ಮದ್ಯದೇವತೆಯ ಪರಿವಾರದವರ ಮುಖಗಳು, ಮೃಗಚರ್ಮ ಇವು ಅದರ ಅಲಂಕಾರ. ಅನಂತರ ಅದು ಅವನ ಸೋದರಳಿಯನಾದ ವಾರಿಕ್ ಪ್ರಭುವಿನ ದುರ್ಗವನ್ನು ಸೇರಿ, ಆ ಹೆಸರನ್ನೇ ಪಡೆಯಿತು. ಈಗ ಗ್ಲಾಸ್ಗೋ ನಗರದ ಬರೆಲ್ ಸಂಗ್ರಹದಲ್ಲಿದೆ. ಪಿರನೇಸಿಯು ೧೭೭೮ರಲ್ಲಿ ಪ್ರಕಟಿಸಿದ ಚಿತ್ರಸಂಪುಟದಲ್ಲಿ ಇದರ ಚಿತ್ರಗಳನ್ನು ಸೇರಿಸಿದನು. ಸ್ಟಾರನ ಕೃತಿಗಳಿಗೆ ಆ ಚಿತ್ರಗಳೇ ಆಧಾರ.

ಹೀಗಾಗಿ ಪರಂಪರೆಯು ಸ್ಪಷ್ಟವಾಗುವುದು: ಕ್ರಿಸ್ತಶಕ ಎರಡನೆಯ ಶತಮಾನದ ಭಗ್ನಶಿಲೆ, ಹದಿನೆಂಟನೆಯ ಶತಮಾನದ ಪೂರಣ, ಪಿರನೇಸಿಯ ಚಿತ್ರ, ಕಡೆಗೆ ಸ್ಟಾರನ ಬೆಳ್ಳಿ. ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರಿಗೆ ಈ ಸ್ಥಿತಿಯು ಅಪರಿಚಿತವಲ್ಲ. ತ್ರುಟಿತವಾದ ಮೂಲ, ಅದರಲ್ಲಿ ಲಿಪಿಕಾರನು ತುಂಬಿದ ಪಾಠ, ಆ ಪ್ರತಿಯನ್ನೇ ನೆಚ್ಚಿದ ಮುದ್ರಣ. ಓದುಗನ ಕೈಗೆ ಬರುವುದು ಕಡೆಯದು ಮಾತ್ರ. ತುಂಬಿದ ಪಾಠವನ್ನು ಮೂಲಕವಿಯ ಮಾತೆಂದು ಉದಾಹರಿಸುವುದು ಎಷ್ಟು ಪ್ರಮಾದವೋ, ಈ ಬೆಳ್ಳಿಯ ರೇಖೆಯೊಂದೊಂದನ್ನೂ ರೋಮಿನ ಸಾಕ್ಷ್ಯವೆಂದು ಗಣಿಸುವುದೂ ಅಷ್ಟೇ ಪ್ರಮಾದ.

ಆದರೆ ಅನುಕೃತಿಯೆಂಬ ಕಾರಣದಿಂದ ಇವನ್ನು ತುಚ್ಛೀಕರಿಸುವುದೂ ಯುಕ್ತವಲ್ಲ. ಅಗಾಧವಾದ ಶಿಲಾಕಲಶವನ್ನು ಭೋಜನಪೀಠದ ಪ್ರಮಾಣಕ್ಕೆ ಇಳಿಸಿ, ಕಡೆದ ರೂಪವನ್ನು ಲೋಹಕ್ಕೆ ಒಗ್ಗಿಸಿ, ಅಲಂಕಾರಮಾತ್ರವಾದುದಕ್ಕೆ ಒಂದು ಉಪಯೋಗವನ್ನು ಕಲ್ಪಿಸಿದುದು ಸ್ವತಂತ್ರವಾದ ಸಾಧನೆ. ೧೮೦೭ರಿಂದ ೧೮೧೯ರವರೆಗೆ ಸ್ಟಾರನು ರಂಡೆಲ್, ಬ್ರಿಡ್ಜ್ ಮತ್ತು ರಂಡೆಲ್ ಎಂಬ ರಾಜವರ್ತಕರ ಸಹಯೋಗದಲ್ಲಿದ್ದನು; ಆ ಕಾಲದ ಅನೇಕ ಪಾತ್ರೆಗಳಲ್ಲಿ ವರ್ತಕರ ಹೆಸರು ಲ್ಯಾಟಿನ್ ಭಾಷೆಯಲ್ಲಿ ವಿಸ್ತಾರವಾಗಿ ಕೆತ್ತಲ್ಪಟ್ಟಿರುವುದು. ಸ್ಟಾರನಿಗೆ ಉಳಿದುದು ತನ್ನ ಹೆಸರಿನ ಮೊದಲಕ್ಷರಗಳ ಕಿರುಮುದ್ರೆ. ಅವನ ಕಾರ್ಯಾಗಾರದಲ್ಲಿ ಪಾದರಸದ ಆವಿಯ ನಡುವೆ ದುಡಿದವರಿಗೆ ಅದೂ ಇಲ್ಲ. ಆದುದರಿಂದ ಇಂತಹ ಪಾತ್ರೆಯನ್ನು ವರ್ಣಿಸುವವರು ಒಂದೇ ಕಾಲವನ್ನೂ ಒಂದೇ ಹೆಸರನ್ನೂ ಹೇಳಿ ನಿಲ್ಲದೆ, ಪ್ರತಿಯೊಂದು ಅಂಶವು ಯಾವ ಕೈಯಿಂದ ಬಂದಿತೆಂಬುದನ್ನು ಬೇರ್ಪಡಿಸಿ ತೋರಿಸುವುದು ನ್ಯಾಯವೆಂದು ತೋರುತ್ತದೆ.