ಹಂದಿ ಕೈಯಲ್ಲಿದ್ದೂ ಸೋಲುವುದೇಕೆ?

ಚಾಂದ್ರಮಾನ ಹೊಸವರ್ಷದ ಹಬ್ಬ ತೆತ್ ಬಂತೆಂದರೆ ವಿಯೆಟ್ನಾಮಿನ ಮನೆಗಳಲ್ಲಿ ಇಸ್ಪೀಟಿನ ಕಟ್ಟು ಹೊರಬರುತ್ತದೆ. ಐದು ಜನ ಕೂತು 120 ಎಲೆಗಳಲ್ಲಿ ಆಡುವ ತೊ ತೊಮ್, 32 ಎಲೆಗಳ ತಾಮ್ ಕುಕ್ ಹಳೆಯ ಆಟಗಳು. ಈಗ ಬಲ್ಲವರು ಕಡಿಮೆ. ಇಂದು ಮಕ್ಕಳಿಂದ ಮುದುಕರವರೆಗೆ ಎಲ್ಲರ ಕೈಗೂ ಒಗ್ಗಿರುವುದು ತಿಯೆನ್ ಲೆನ್. ನಾಲ್ವರಿಗೆ ತಲಾ 13 ಎಲೆ ಹಂಚಿ, ಯಾರು ಮೊದಲು ಕೈ ಖಾಲಿ ಮಾಡುತ್ತಾರೋ ಅವರೇ ಗೆದ್ದಂತೆ. ದಕ್ಷಿಣದ ಮನೆಗಳಲ್ಲಿ ಹಣದ ಬದಲು ಸೋತವರ ಕೆನ್ನೆಗೆ ಪಾತ್ರೆಯ ಮಸಿ ಬಳಿಯುವ ರೂಢಿಯೂ ಇದೆ. ಈ ಆಟದಲ್ಲಿ ಎಲ್ಲಕ್ಕಿಂತ ದೊಡ್ಡ ಎಲೆ ಎಕ್ಕವಲ್ಲ, ಎರಡು. ಅದಕ್ಕೆ ಆಟಗಾರರು ಇಟ್ಟ ಹೆಸರು ಹಂದಿ. ಕೈಯಲ್ಲಿ ಒಂದೆರಡು ಹಂದಿ ಕಂಡ ಕೂಡಲೇ ಹೊಸಬರಿಗೆ ಗೆದ್ದೆವೆಂಬ ಧೈರ್ಯ ಬರುತ್ತದೆ. ಆ ಧೈರ್ಯಕ್ಕೆ ಆಧಾರ ಸಾಲದು. ತಿಯೆನ್ ಲೆನ್‌ನಲ್ಲಿ ಗೆಲುವು ದೊಡ್ಡ ಎಲೆಗಳಿಂದ ಬರುವುದಕ್ಕಿಂತ ಹೆಚ್ಚಾಗಿ, ಹೊಸ ಸುತ್ತು ತೆರೆಯುವ ಹಕ್ಕನ್ನು ಯಾವಾಗ ಹಿಡಿಯಬೇಕು, ಹಿಡಿದ ಮೇಲೆ ಯಾವ ಸಣ್ಣ ಎಲೆಯನ್ನು ದಾಟಿಸಬೇಕು ಎಂಬ ಲೆಕ್ಕದಿಂದ ಬರುತ್ತದೆ.

ಹೀಗೆನ್ನಲು ಕಾರಣ ನಿಯಮಗಳಲ್ಲೇ ಇದೆ. ಬೆಲೆ ಮೂರರಿಂದ ಏರುತ್ತ ರಾಜ, ಎಕ್ಕ ದಾಟಿ ಎರಡಕ್ಕೆ ಮುಟ್ಟುತ್ತದೆ. ಬೆಲೆ ಸಮವಾದಾಗ ಇಸ್ಪೇಟಿಗಿಂತ ಕಳಾವರ, ಅದಕ್ಕಿಂತ ಡೈಮಂಡ್, ಎಲ್ಲಕ್ಕಿಂತ ಮೇಲೆ ಆಟೀನು. ಒಂಟಿ ಎಲೆ, ಜೋಡಿ, ತ್ರಿವಳಿ, ಕನಿಷ್ಠ ಮೂರು ಎಲೆಗಳ ಸರಣಿ ಇವನ್ನು ಇಳಿಸಬಹುದು. ಸರಣಿಯಲ್ಲಿ ಬಣ್ಣ ಒಂದೇ ಆಗಿರಬೇಕಿಲ್ಲ, ಎರಡಕ್ಕೆ ಮಾತ್ರ ಅದರಲ್ಲಿ ಜಾಗವಿಲ್ಲ. ಜೋಡಿಗೆ ಜೋಡಿಯೇ ಉತ್ತರ, ಐದೆಲೆಯ ಸರಣಿಗೆ ಐದೆಲೆಯ ಸರಣಿಯೇ ಉತ್ತರ. ಒಮ್ಮೆ ಪಾಸ್ ಎಂದವರು ಆ ಸುತ್ತಿಗೆ ಹೊರಗೆ. ಉಳಿದವರೆಲ್ಲ ಪಾಸ್ ಎಂದಾಗ ಕೊನೆಯದಾಗಿ ಇಳಿಸಿದವರೇ ಹೊಸ ಸುತ್ತು ತೆರೆಯುತ್ತಾರೆ, ತಮಗೆ ಬೇಕಾದ ರೂಪದಲ್ಲಿ. ಆಟದ ನಿಜವಾದ ಆಸ್ತಿ ಈ ಹಕ್ಕು. ಕೈಯಲ್ಲಿ ಕೊಳೆಯುವ ನಾಲ್ಕು, ಐದು, ಆರುಗಳನ್ನು ಹೊರಹಾಕಲು ಅದನ್ನು ಬಿಟ್ಟರೆ ದಾರಿ ಇಲ್ಲವೆಂದೇ ಹೇಳಬೇಕು.

ಒಂದು ಕೈಯನ್ನು ಬಿಡಿಸಿ ನೋಡೋಣ: 3, 4, 5, 6, 7, 8, ಎರಡು 9, ಗುಲಾಮ, ಎರಡು ರಾಜ, ಎಕ್ಕ, ಒಂದು ಹಂದಿ. ಮೂರರಿಂದ ಒಂಬತ್ತರವರೆಗೆ ಏಳೆಲೆಯ ಸರಣಿ ಕಟ್ಟುವ ಆಸೆ ಸಹಜ. ಹಾಗೆ ಕಟ್ಟಿದರೆ ಉಳಿಯುವುದು ಒಂಟಿ 9, ಗುಲಾಮ, ರಾಜರ ಜೋಡಿ, ಎಕ್ಕ, ಹಂದಿ. ಒಟ್ಟು ಆರು ಇಳಿತ. ಎಂಟಕ್ಕೇ ಸರಣಿ ನಿಲ್ಲಿಸಿ ಒಂಬತ್ತರ ಜೋಡಿ ಉಳಿಸಿಕೊಂಡರೂ ಆರೇ ಇಳಿತ. ಎಣಿಕೆ ಒಂದೇ ಆದರೂ ಎರಡನೆಯ ಜೋಡಣೆಯೇ ಮೇಲು. ಮೊದಲನೆಯದರಲ್ಲಿ ದುರ್ಬಲವಾದ ಒಂಟಿಗಳು ಎರಡು, ಅವುಗಳನ್ನು ದಾಟಿಸಲು ಎಕ್ಕ ಮತ್ತು ಹಂದಿ ಎರಡೂ ಖರ್ಚಾಗಬೇಕು, ರಾಜರ ಜೋಡಿ ಸುಮ್ಮನೆ ಕೂತಿರುತ್ತದೆ. ಎರಡನೆಯದರಲ್ಲಿ ಒಂಬತ್ತರ ಜೋಡಿಗೆ ರಾಜರೇ ಕಾವಲು: ಒಂಬತ್ತನ್ನು ಇಳಿಸಿ, ಯಾರಾದರೂ ಮೀರಿಸಿದರೆ ರಾಜರಿಂದ ಹಕ್ಕನ್ನು ಮರಳಿ ಪಡೆಯುವ ಅವಕಾಶ ಚೆನ್ನಾಗಿದೆ. ರಾಜರನ್ನು ಮೀರಿಸಲು ಎಕ್ಕದ ಜೋಡಿಯೋ ಹಂದಿಯ ಜೋಡಿಯೋ, ಆಟೀನಿನ ರಾಜ ನಿಮ್ಮಲ್ಲಿಲ್ಲದಿದ್ದರೆ ಉಳಿದಿಬ್ಬರು ರಾಜರ ಜೋಡಿಯೋ ಬೇಕು. ಒಂದು ಎಕ್ಕ, ಒಂದು ಹಂದಿ ನಿಮ್ಮಲ್ಲೇ ಇರುವುದರಿಂದ ಹೊರಗಿರುವುದು ತಲಾ ಮೂರು ಮಾತ್ರ. ಇನ್ನು ಆರೆಲೆಯ ಸರಣಿ. ಅದಕ್ಕೆ ಅದೇ ಉದ್ದದ, ಮೇಲಿನ ಸರಣಿ ಎದುರಾಗುವುದು ಅಪರೂಪ. ಹಾಗಾಗಿ ಅದನ್ನು ಇಳಿಸಿದ ಮೇಲೂ ಹಕ್ಕು ನಿಮ್ಮಲ್ಲೇ ಉಳಿಯುತ್ತದೆಂದು ಬಹುಮಟ್ಟಿಗೆ ನಂಬಬಹುದು. ಆದ್ದರಿಂದ ಕೊನೆಗೆ ಸರಣಿ ಮತ್ತು ಗುಲಾಮ ಇಷ್ಟೇ ಉಳಿಯುವಂತೆ ನಡೆಸಿದರೆ, ಸರಣಿಯ ಬೆನ್ನಿಗೇ ಗುಲಾಮನನ್ನು ಇಳಿಸಿ ಆಟ ಮುಗಿಸಬಹುದು. ಕೊನೆಯ ಎಲೆಗೆ ಬಲವೇ ಬೇಕಿಲ್ಲ. ಬಲ ಬೇಕಾದದ್ದು ಅದಕ್ಕಿಂತ ಹಿಂದಿನದಕ್ಕೆ. ಹೊಸಬರು ಇದನ್ನು ತಿರುಗುಮುರುಗು ಮಾಡಿ, ದೊಡ್ಡದನ್ನು ಕೊನೆಗಿಟ್ಟು ಸಣ್ಣದರೊಡನೆ ಸಿಕ್ಕಿಬೀಳುತ್ತಾರೆ. ಆದರೆ ಮೊದಲ ಆಟದಲ್ಲಿ ಇಸ್ಪೇಟಿನ ಮೂರು ಇದ್ದವರೇ, ಆ ಎಲೆಯನ್ನು ಒಳಗೊಂಡೇ ಶುರು ಮಾಡಬೇಕು. ಆ ಮೂರು ನಿಮ್ಮದಾಗಿದ್ದರೆ ಸರಣಿ ಮೊದಲೇ ಹೋಗುತ್ತದೆ, ಗುಲಾಮನಿಗೆ ಬೇರೆ ದಾರಿ ಹುಡುಕಬೇಕು.

ಹಂದಿಯನ್ನು ಇಷ್ಟು ಕೆಳಗಿಳಿಸುವುದು ಸರಿಯೇ, ಒಂಟಿ ಎಲೆಗಳ ಸುತ್ತಿನಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲವಲ್ಲ ಎಂದು ಕೇಳಬಹುದು. ಇದೆ. ಮೂರು ಅನುಕ್ರಮ ಜೋಡಿಗಳು, ಉದಾಹರಣೆಗೆ 5-5, 6-6, 7-7, ಇಲ್ಲವೇ ಒಂದೇ ಬೆಲೆಯ ನಾಲ್ಕೂ ಎಲೆಗಳು ಹಂದಿಯನ್ನು ಕಡಿಯುತ್ತವೆ, ಕಡಿಸಿಕೊಂಡವರು ದಂಡ ತೆರಬೇಕು. ಲೆಕ್ಕ ಹಾಕಿ ನೋಡಿದರೆ ಮೂರು ಅನುಕ್ರಮ ಜೋಡಿ ನೂರು ಕೈಗಳಲ್ಲಿ ಸುಮಾರು ಎಂಟರಲ್ಲಿ ಬರುತ್ತದೆ, ನಾಲ್ಕೂ ಒಂದೇ ಬೆಲೆಯವು ಸುಮಾರು ಮೂರರಲ್ಲಿ. ಎದುರಾಳಿಗಳು ಮೂವರು, ಹೆಚ್ಚುಕಡಿಮೆ ಹತ್ತರಲ್ಲಿ ಮೂರು ಆಟಗಳಲ್ಲಿ ಯಾರೋ ಒಬ್ಬರ ಬಳಿ ಕತ್ತಿ ಇರುತ್ತದೆಂದಾಯಿತು. ಹಾಗೆಂದು ಹಂದಿಯನ್ನು ಬಚ್ಚಿಟ್ಟು ಕೂರುವುದೂ ಪರಿಹಾರವಲ್ಲ. ಬೇರೊಬ್ಬರು ಆಟ ಮುಗಿಸಿದಾಗ ಕೈಯಲ್ಲುಳಿದ ಹಂದಿಗೂ ದಂಡವಿದೆ, ಕೆಂಪು ಹಂದಿಗೆ ಸಾಮಾನ್ಯವಾಗಿ ಕಪ್ಪಿನದಕ್ಕಿಂತ ಹೆಚ್ಚು. ನೋಡಬೇಕಾದದ್ದು ಹಂದಿ ಕೊಳ್ಳುವ ಹಕ್ಕಿನಿಂದ ಎಷ್ಟು ಎಲೆ ಹೊರಹೋಗುತ್ತದೆ ಎಂಬುದನ್ನು. ಮುಂದಿನ ಸುತ್ತಿನಲ್ಲಿ ಐದಾರು ಎಲೆ ಒಟ್ಟಿಗೆ ಇಳಿಯುವಂತಿದ್ದರೆ ಅಪಾಯ ಹೊರುವುದು ಸರಿ. ಇನ್ನೊಂದು ಒಂಟಿ ಐದನ್ನು ಇಳಿಸಲಿಕ್ಕಾಗಿ ಹಂದಿಯನ್ನು ಕಳೆಯುವುದು ವ್ಯರ್ಥ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅದೃಷ್ಟದ್ದು. ಹಂಚಿಕೆ ಕೆಟ್ಟರೆ ಜಾಣತನ ಏನು ಮಾಡೀತು? ಹಂಚಿಕೆಯ ಪಾಲು ದೊಡ್ಡದು, ಒಪ್ಪಲೇಬೇಕು. ನಾಲ್ಕು ಹಂದಿಯೂ ಒಬ್ಬರಿಗೇ ಬಂದರೆ, ಸುಮಾರು 380 ಕೈಗಳಿಗೊಮ್ಮೆ ಹಾಗಾಗುತ್ತದೆ, ಆಡದೆಯೇ ಗೆಲುವು. ಆದರೆ ಒಂದೂ ಹಂದಿಯಿಲ್ಲದ ಕೈ ಶೇ 30ರಷ್ಟು ಸಲ ಬರುತ್ತದೆ. ಸರಾಸರಿ ನೋಡಿದರೆ ಪ್ರತಿ ಆಟದಲ್ಲೂ ಒಬ್ಬರಾದರೂ ಹಾಗೆ ಕೂತಿರುತ್ತಾರೆ. ಅವರಿಗೂ ಕೆಲಸವಿದೆ. ಅನೇಕ ಕಡೆ ಸೋತವರು ಕೈಯಲ್ಲುಳಿದ ಎಲೆಗಳ ಲೆಕ್ಕದಲ್ಲಿ ತೆರುತ್ತಾರೆ, ಒಂದೂ ಎಲೆ ಇಳಿಸದವರಿಗೆ ಹೆಚ್ಚಿನ ದಂಡ. ಕೆಟ್ಟ ಕೈಯಲ್ಲಿ ಗೆಲುವಿನ ಹಟ ಬಿಟ್ಟು ಜೋಡಿಗಳನ್ನು ಒಡೆದಾದರೂ ಎಲೆ ಕಡಿಮೆ ಮಾಡಿಕೊಳ್ಳುವವರು, ಹತ್ತು ಎಲೆಯ ನಷ್ಟವನ್ನು ಮೂರಕ್ಕೆ ತರುತ್ತಾರೆ. ರಾತ್ರಿಯಿಡೀ ಆಡಿದಾಗ ಆಟಗಾರರ ನಡುವಿನ ಅಂತರ ಬೀಳುವುದು ಮುಖ್ಯವಾಗಿ ಇಂಥ ಕೈಗಳಲ್ಲಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ಒಳ್ಳೆಯ ಕೈಯನ್ನು ಗೆಲ್ಲಿಸುವುದು ಬಹಳ ಜನರಿಗೆ ಬರುತ್ತದೆ.

ಇಷ್ಟಕ್ಕೆಲ್ಲ 52 ಎಲೆಗಳ ನೆನಪು ಬೇಕೆಂದು ಹೆದರಬೇಕಿಲ್ಲ. ಬಿದ್ದ ಹಂದಿಗಳು, ಬಿದ್ದ ಎಕ್ಕಗಳು, ಯಾರು ಯಾವುದಕ್ಕೆ ಪಾಸ್ ಎಂದರು, ಇಷ್ಟು ಸಾಕು. ಒಂಟಿ ಏಳೊಂದು ಬಿದ್ದರೆ ನಾಲ್ಕು ಏಳರ ಭಯ ಹೋಯಿತು. ಮೂರು ಏಳು ಕಂಡ ಮೇಲೆ ಏಳನ್ನು ಒಳಗೊಂಡ ಜೋಡಿಸಾಲೂ ಇಲ್ಲ. ಹತ್ತೆಲೆ ಹಿಡಿದಿದ್ದೂ ಸಣ್ಣ ಜೋಡಿಗೆ ಪಾಸ್ ಎಂದವರು ಜೋಡಿಯಿಲ್ಲದವರು, ಇಲ್ಲವೇ ಜೋಡಿಸಾಲನ್ನು ಕಾಯುತ್ತಿರುವವರು. ಅಂಥವರು ಒಂಟಿಗಳ ಸುತ್ತಿನಲ್ಲೂ ನಡುವಿನ ಎಲೆಗಳನ್ನು ಬಿಡದೆ ಕೂತರೆ ಎರಡನೆಯ ಅನುಮಾನವೇ ಬಲವಾಗುತ್ತದೆ. ಅವರು ಪಾಸ್ ಎಂದು ಹೊರಬಿದ್ದ ಸುತ್ತಿನಲ್ಲಿ ಹಂದಿಯನ್ನು ಇಳಿಸುವುದು ಕ್ಷೇಮ. ಆದರೆ ನಾಲ್ಕು ಅನುಕ್ರಮ ಜೋಡಿಗೆ ಪಾಸಿನ ನಂತರವೂ ಕಡಿಯುವ ಅವಕಾಶ ಕೊಡುವ ಮನೆಗಳಿವೆ, ಆದ್ದರಿಂದ ಕೂರುವ ಮೊದಲೇ ಆ ನಿಯಮವನ್ನು ಕೇಳಿಕೊಳ್ಳಬೇಕು. ಮುಂದಿನವರ ಕೈಯಲ್ಲಿ ಒಂದೇ ಎಲೆ ಉಳಿದಾಗಲಂತೂ ಒಂಟಿ ಸಣ್ಣದನ್ನು ಇಳಿಸಬಾರದು: ಜೋಡಿಯೋ ಸರಣಿಯೋ ಇದ್ದರೆ ಅದು, ಇಲ್ಲದಿದ್ದರೆ ಇರುವುದರಲ್ಲೇ ದೊಡ್ಡದು.