ಹೆಸರು ಒಂದೇ, ಕೆಲಸ ಬೇರೆ!

ಮಕ್ಕಳೇ, ತರಗತಿಯಲ್ಲಿ ಇಬ್ಬರು ರವಿಗಳಿದ್ದರೆ ಒಬ್ಬನ ಬೈಗುಳ ಇನ್ನೊಬ್ಬನಿಗೆ ಬೀಳುವುದುಂಟು. ಕಂಪ್ಯೂಟರಿನಲ್ಲೂ ಹೀಗಾದ ಕಥೆಯೊಂದನ್ನು ಹೇಳುತ್ತೇನೆ.

ಐಸ್‌ಲ್ಯಾಂಡ್ ದೇಶದ ಸಿಸಿಪಿ ಕಂಪನಿಯ ‘ಈವ್ ಆನ್‌ಲೈನ್’ ಬಾಹ್ಯಾಕಾಶದ ಆಟ. ಸಾವಿರಾರು ಜನ ಅಂತರ್ಜಾಲದಲ್ಲಿ ಒಟ್ಟಿಗೆ ಆಡುತ್ತಾರೆ. 2007ರ ಡಿಸೆಂಬರ್‌ನಲ್ಲಿ ಅದರ ‘ಟ್ರಿನಿಟಿ’ ಎಂಬ ಹೊಸ ಆವೃತ್ತಿ ಬಂತು. ನೌಕೆಗಳ ಚಿತ್ರಗಳೇನೋ ಅಂದವಾದವು. ಆದರೆ ಕೆಲವರ ಕಂಪ್ಯೂಟರ್ ಆರಿಸಿದ ಮೇಲೆ ಮತ್ತೆ ಏಳಲೇ ಇಲ್ಲ!

‘ಬೂಟ್.ಐಎನ್‌ಐ’ ಹೆಸರಿನ ಕಡತ ಆಟದಲ್ಲೂ ಇತ್ತು. ವಿಂಡೋಸ್ ಎಕ್ಸ್‌ಪಿಯನ್ನು ಎಬ್ಬಿಸುವ ಕಡತಕ್ಕೂ ಅದೇ ಹೆಸರು. ಆಟದ ಕಡತವನ್ನು ಅಳಿಸುವ ಆದೇಶದಲ್ಲಿ ಒಂದು ಓರೆಗೆರೆಯ ತಪ್ಪಿನಿಂದ ವಿಂಡೋಸಿನದು ಅಳಿಸಿಹೋಗಿತ್ತು. ಕಂಪನಿ ತಪ್ಪೊಪ್ಪಿಕೊಂಡು, ತನ್ನ ಕಡತದ ಹೆಸರನ್ನೇ ಬದಲಿಸಿತು.

ಅಜ್ಜ-ಅಜ್ಜಿಯರಿಗೂ ಮೊಮ್ಮಕ್ಕಳಿಗೂ ನನ್ನದೊಂದು ಮಾತು: ಹೊಸದನ್ನು ಹಾಕಿಕೊಳ್ಳುವ ಮುನ್ನ ಮನೆಯ ಫೋಟೋಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ.